ಕೆಲಸದ ಹುಡುಗ ಮಾವನವರ ಕಾರು ಗುದ್ದಿಸಿದ್ದಾನೆ, ಖರ್ಚು ಯಾರ ತಲೆಗೆ?

ಪ್ರಶ್ನೆ:
ಸರ್ ನಮಸ್ಕಾರ. ನಾವು ಮೈಸೂರಿನವರು. ಮಾವನವರಿಗೆ ಪಾರ್ಶ್ವವಾಯು ಆಗಿ ಬಲಗೈ ಸ್ವಾಧೀನವಿಲ್ಲ. ಅವರನ್ನು ನೋಡಿಕೊಳ್ಳಲು ನಾಗಮಂಗಲದ ಕಡೆಯ ಹುಡುಗನೊಬ್ಬ ಎರಡು ವರ್ಷದಿಂದ ನಮ್ಮ ಮನೆಯಲ್ಲೇ ಇದ್ದಾನೆ. ಫಿಸಿಯೋಥೆರಪಿಗೆ ಕರೆದೊಯ್ಯುವಾಗ ಮಾವನವರ ಕಾರು ಅವನೇ ಓಡಿಸುತ್ತಾನೆ, ಲೈಸೆನ್ಸ್ ಇದೆ. ಮೊನ್ನೆ ಊರಹಬ್ಬಕ್ಕೆ ಹೋಗಿಬರ್ತೀನಿ ಅಂತ ಕಾರು ಕೇಳಿದ. ಮಾವನವರೇ ಕೀ ಕೊಟ್ಟರು. ವಾಪಸ್ ಬರುವಾಗ ತಿರುವಿನಲ್ಲಿ ಸ್ಕೂಟರಿಗೆ ಗುದ್ದಿದ್ದಾನೆ. ಸ್ಕೂಟರಿನವರ ಕಾಲು ಮುರಿದಿದೆ, ಇವನ ಮುಂಗೈ ಮೂಳೆ ಬಿರುಕು ಬಿಟ್ಟಿದೆ. ಕಾರಿನ ಬಂಪರ್, ಬಾನೆಟ್, ರೇಡಿಯೇಟರ್ ಹೋಗಿವೆ. ಗ್ಯಾರೇಜಿನವರ ಎಸ್ಟಿಮೇಟ್ 86 ಸಾವಿರ. ಫುಲ್ ಇನ್ಶೂರೆನ್ಸ್ ಇದೆ.

ಸ್ಕೂಟರಿನವರ ಮನೆಯವರು ಒಂದು ಲಕ್ಷ ಕೊಟ್ಟರೆ ಕಂಪ್ಲೇಂಟ್ ಕೊಡಲ್ಲ ಅಂತಾರೆ. ನಮ್ಮ ಯಜಮಾನರು ಹುಡುಗನ ಸಂಬಳದಲ್ಲಿ ತಿಂಗಳಿಗೆ ಐದು ಸಾವಿರ ಹಿಡಿಯೋಣ ಅಂತಾರೆ. ಮೈದುನ, "ನಾನೇ ಓಡಿಸ್ತಿದ್ದೆ ಅಂತ ಬರೆಸಿಬಿಡೋಣ, ಕ್ಲೇಮ್ ಸಲೀಸಾಗಿ ಆಗುತ್ತೆ" ಅಂತಾನೆ. ಏನು ಮಾಡಲಿ?

ಉತ್ತರ (ಮೋಟಾರು ಅಪಘಾತ ಪ್ರಕರಣಗಳ ವಕೀಲರು):
ಮೇಡಂ, ಮೊದಲು ನಿಮ್ಮ ಮೈದುನನ ಮಾತು. ಅದನ್ನು ಈಗಲೇ ಕೈಬಿಡಿ. ಆಸ್ಪತ್ರೆಯ ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಗಾಯದ ಪ್ರಕರಣಗಳ) ಪುಸ್ತಕದಲ್ಲಿ ಹುಡುಗನ ಹೆಸರು, ಮುಂಗೈ ಗಾಯ, ಗಾಯ ಹೇಗಾಯಿತು ಎಂಬುದೆಲ್ಲ ದಾಖಲಾಗಿರುತ್ತದೆ. ಸ್ಟೀರಿಂಗ್ ಹಿಡಿದವನಿಗೇ ಇಂಥ ಪೆಟ್ಟು ಬೀಳುವುದು ಎಂದು ತನಿಖೆ ಮಾಡುವವರಿಗೆ ಗೊತ್ತು. ಸುಳ್ಳು ಸಿಕ್ಕಿಬಿದ್ದರೆ ನ್ಯಾಯವಾಗಿ ಬರಬೇಕಾದ ಕ್ಲೇಮೂ ಹೋಗುತ್ತದೆ, ಮೈದುನನ ಮೇಲೆ ಕೇಸೂ ಬೀಳುತ್ತದೆ. ಅಷ್ಟಕ್ಕೂ ಮುಚ್ಚಿಡುವಂಥದ್ದು ಇಲ್ಲಿ ಏನಿದೆ? ಖಾಸಗಿ ಕಾರಿನ ಪಾಲಿಸಿಯಲ್ಲಿ ಚಾಲಕ ಮನೆಯವನೇ ಆಗಿರಬೇಕೆಂಬ ಷರತ್ತಿಲ್ಲ. ಚಾಲ್ತಿಯಲ್ಲಿರುವ ಲೈಸೆನ್ಸ್ ಇರಬೇಕು, ಮಾಲೀಕರ ಒಪ್ಪಿಗೆ ಇರಬೇಕು. ನಿಮ್ಮಲ್ಲಿ ಎರಡೂ ಇವೆ.

ಸ್ಕೂಟರಿನವರಿಗೆ ಪರಿಹಾರ ಕೊಡುವುದು ವಿಮಾ ಕಂಪನಿ. ದೇಹಕ್ಕಾದ ಗಾಯಕ್ಕೆ ಥರ್ಡ್ ಪಾರ್ಟಿ (ಎದುರಿನವರ ನಷ್ಟ ತುಂಬುವ) ವಿಮೆಯಲ್ಲಿ ಮೊತ್ತದ ಮಿತಿಯಿಲ್ಲ, ಸ್ಕೂಟರ್‌ನಂಥ ಆಸ್ತಿ ಹಾನಿಗೆ 7.5 ಲಕ್ಷದವರೆಗೆ ಇದೆ. ಹುಡುಗ ಮಾವನವರ ಕೆಲಸದ ಮೇಲೆ ಹೋಗಿದ್ದನೋ ಸ್ವಂತಕ್ಕೋ ಎಂಬ ಪ್ರಶ್ನೆ ಕೋರ್ಟಿನಲ್ಲಿ ಬರಬಹುದು. ಮಾಲೀಕನ ಕೆಲಸಕ್ಕೆ ಸಂಬಂಧವಿಲ್ಲದ ಓಡಾಟಕ್ಕೆ ಮಾಲೀಕನನ್ನು ಹೊಣೆ ಮಾಡಲಾಗದು ಎಂದು ಟ್ಯಾಕ್ಸಿಯೊಂದರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1966ರಲ್ಲೇ ಹೇಳಿದೆ. ಆದರೆ ಇವತ್ತಿನ ಪ್ಯಾಕೇಜ್ ಪಾಲಿಸಿ, ಅಂದರೆ ನೀವು ಹೇಳುವ ಫುಲ್ ಇನ್ಶೂರೆನ್ಸ್, ಮಾಲೀಕರ ಒಪ್ಪಿಗೆಯಿಂದ ಓಡಿಸಿದವನ ಹೊಣೆಯನ್ನೂ ಹೊರುತ್ತದೆ. ಹಾಗಾಗಿ ಹೊಣೆ ಹುಡುಗನದು ಎಂದಾದರೂ ದುಡ್ಡು ವಿಮೆಯಿಂದಲೇ ಬರಬೇಕು.

ಒಂದು ಲಕ್ಷ ಕೊಟ್ಟು ಮುಗಿಸಬೇಡಿ. ಕಂಪನಿಯ ಲಿಖಿತ ಒಪ್ಪಿಗೆಯಿಲ್ಲದೆ ತಪ್ಪು ಒಪ್ಪಿಕೊಳ್ಳುವುದಾಗಲಿ, ಹಣ ಕೊಡುವುದಾಗಲಿ ಮಾಡಬಾರದೆಂದು ಪಾಲಿಸಿಯಲ್ಲೇ ಇದೆ. ನೀವು ಕೊಟ್ಟ ಲಕ್ಷ ವಾಪಸ್ ಬರುವುದಿಲ್ಲ. ಅವರ ಕಡೆಯಿಂದಲೂ ನೋಡಿ. ಕಾಲಿಗೆ ರಾಡ್ ಹಾಕಿಸಿಕೊಂಡು ತಿಂಗಳುಗಟ್ಟಲೆ ಕೆಲಸವಿಲ್ಲದೆ ಕೂರುವವರಿಗೆ ಒಂದು ಲಕ್ಷ ಎಲ್ಲಿ ಸಾಲುತ್ತದೆ? ಅಪಘಾತ ಪರಿಹಾರ ನಿರ್ಧರಿಸುವ ಟ್ರಿಬ್ಯೂನಲ್‌ಗೆ ಹೋದರೆ ಆಸ್ಪತ್ರೆ ಖರ್ಚು, ಕಳೆದುಕೊಂಡ ದುಡಿಮೆ, ಅಂಗವೈಕಲ್ಯ ಉಳಿದರೆ ಅದಕ್ಕೂ ಲೆಕ್ಕ ಹಾಕಿ ಕೊಡುತ್ತಾರೆ. ನೀವೇ ಆಸ್ಪತ್ರೆಗೆ ಹೋಗಿ ಮಾತಾಡಿಸಿ, ಪಾಲಿಸಿಯ ನಕಲು ಕೊಟ್ಟು ಬನ್ನಿ. ಅದರಿಂದ ನಿಮಗೇನೂ ನಷ್ಟವಿಲ್ಲ.

ಅಪಘಾತವಾದ 24 ಗಂಟೆಯೊಳಗೆ ಚಾಲಕ ಪೊಲೀಸರಿಗೆ ತಿಳಿಸಬೇಕೆಂದು ಮೋಟಾರು ವಾಹನ ಕಾಯ್ದೆಯ 134ನೇ ಕಲಂ ಹೇಳುತ್ತದೆ. ತಡವಾಗಿದೆ, ಇವತ್ತೇ ಹುಡುಗನ ಜೊತೆ ಮನೆಯವರೊಬ್ಬರು ಠಾಣೆಗೆ ಹೋಗಿ. ಅವನೊಬ್ಬನನ್ನೇ ಕಳಿಸಬೇಡಿ.

ಕಾರಿನ ವಿಚಾರಕ್ಕೆ ಬಂದರೆ, ಹಾನಿ ಅಂದಾಜು ಮಾಡಲು ವಿಮಾ ಕಂಪನಿ ಕಳಿಸುವ ಸರ್ವೇಯರ್ ನೋಡುವ ತನಕ ಗ್ಯಾರೇಜಿನವರು ಒಂದು ನಟ್ಟೂ ಬಿಚ್ಚಬಾರದು. ಝೀರೋ ಡೆಪ್ (ಬಿಡಿಭಾಗ ಹಳೆಯದೆಂದು ಹಣ ಕಳೆಯದಿರುವ ಹೆಚ್ಚುವರಿ ಕವರ್) ಇಲ್ಲದಿದ್ದರೆ ಬಂಪರಿನಂಥ ಪ್ಲಾಸ್ಟಿಕ್ ಭಾಗಕ್ಕೆ ಅರ್ಧವೇ ಸಿಗುವುದು. ಬಾನೆಟ್, ರೇಡಿಯೇಟರಿಗೆ ಕಾರಿನ ವಯಸ್ಸು ನೋಡಿ ಕಳೆಯುತ್ತಾರೆ, ಐದು ವರ್ಷ ದಾಟಿ ಹತ್ತರೊಳಗಿದ್ದರೆ ಶೇ. 40. ಇದರ ಮೇಲೆ 1500 ಸಿಸಿವರೆಗಿನ ಕಾರಿಗೆ ಕಡ್ಡಾಯವಾಗಿ ಸಾವಿರ ರೂಪಾಯಿ ನಿಮ್ಮದು. ಮುಂದಿನ ವರ್ಷ ನೋ ಕ್ಲೇಮ್ ಬೋನಸ್ಸೂ (ಕ್ಲೇಮ್ ಮಾಡದವರಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಇರುವುದಿಲ್ಲ.

ಹೀಗೆ ಕೈಯಿಂದ ಹೋಗುವ ಬಾಕಿಯನ್ನೇ ನಿಮ್ಮ ಯಜಮಾನರು ಹುಡುಗನಿಂದ ಹಿಡಿಯಲು ಹೊರಟಿರುವುದು. ಬೇಡ ಮೇಡಂ. ಅವನು ಕದ್ದು ಒಯ್ದಿಲ್ಲ, ಕುಡಿದು ಓಡಿಸಿಲ್ಲ, ಕೇಳಿ ಪಡೆದ. ಕಾರ್ಖಾನೆಯಲ್ಲಿ ಕೂಡ ನೌಕರನ ಅಲಕ್ಷ್ಯದಿಂದ ಹಾನಿಯಾದರೆ ಅವನ ವಿವರಣೆ ಕೇಳದೆ ಸಂಬಳ ಹಿಡಿಯುವಂತಿಲ್ಲ. ಮನೆಯಲ್ಲಿ ಯೂನಿಯನ್ ಇಲ್ಲ, ಕೇಳುವವರಿಲ್ಲ ಅನ್ನುವ ಕಾರಣಕ್ಕೇ ನಾವು ಇನ್ನಷ್ಟು ಜಾಗ್ರತೆಯಿಂದ ಇರಬೇಕು. ನಿಮ್ಮ ಯಜಮಾನರೇ ಅದೇ ತಿರುವಿನಲ್ಲಿ ಗುದ್ದಿದ್ದರೆ ಅವರ ಸಂಬಳದಲ್ಲಿ ಮಾವನವರು ಹಿಡಿಯುತ್ತಿದ್ದರೇ?

ಮರುಪ್ರಶ್ನೆ:
ಅರ್ಥವಾಯಿತು ಸರ್. ಹುಡುಗನ ಕೈ ಚಿಕಿತ್ಸೆಗೂ ಇದೇ ಪಾಲಿಸಿ ಬರುತ್ತದೆಯೇ?

ಉತ್ತರ:
ಬಹುಶಃ ಇಲ್ಲ. ಬೇಸರದ ವಿಷಯ ಇದೇ. ಇಳಕಲ್‌ನಿಂದ ಗುಡೂರಿಗೆ ಬೇರೆಯವರ ಬೈಕ್ ಕೇಳಿ ಪಡೆದು ಹೊರಟ ಒಬ್ಬರು ಎತ್ತಿನಗಾಡಿಗೆ ಗುದ್ದಿ ತೀರಿಕೊಂಡರು. ಆ ಪ್ರಕರಣದಲ್ಲಿ 2009ರಲ್ಲಿ ಸುಪ್ರೀಂ ಕೋರ್ಟ್, ಕೇಳಿ ಪಡೆದು ಓಡಿಸುವವನು ಮಾಲೀಕನ ಜಾಗದಲ್ಲೇ ನಿಲ್ಲುತ್ತಾನೆ, ಹಾಗಾಗಿ ಮೋಟಾರು ವಾಹನ ಕಾಯ್ದೆಯಲ್ಲಿ ಆಗಿದ್ದ 163ಎ ಕಲಮಿನಡಿ (ತಪ್ಪು ಯಾರದೆಂದು ಸಾಬೀತು ಮಾಡದೆ ಪರಿಹಾರ ಕೇಳುವ ಕಲಂ) ಮನೆಯವರು ಪರಿಹಾರ ಕೇಳುವಂತಿಲ್ಲ ಎಂದಿತು. ನಿಮ್ಮ ಹುಡುಗನ ಸ್ಥಿತಿಯೂ ಹೆಚ್ಚುಕಡಿಮೆ ಅದೇ. ಕಡ್ಡಾಯದ 15 ಲಕ್ಷದ ಅಪಘಾತ ವಿಮೆ ಇರುವುದು ಮಾಲೀಕರು ತಾವೇ ಓಡಿಸುವಾಗ. ಅವನ ಪ್ಲಾಸ್ಟರು, ಔಷಧಿ ಖರ್ಚು ನೀವೇ ನೋಡಿಕೊಳ್ಳಿ, ಕೈ ಸರಿಹೋಗುವವರೆಗಿನ ಸಂಬಳವನ್ನೂ ಕೊಡಿ. ರಿನ್ಯೂವಲ್ ಮಾಡಿಸುವಾಗ 'ಪೇಯ್ಡ್ ಡ್ರೈವರ್' (ಸಂಬಳದ ಚಾಲಕ) ಕವರ್ ಸೇರಿಸಿಕೊಳ್ಳಿ. ಐವತ್ತು ರೂಪಾಯಿಯ ಆಸುಪಾಸು ಇರುತ್ತದೆ. ಮಾವನವರನ್ನು ಕರೆದೊಯ್ಯುವಾಗ ಏನಾದರೂ ಆದರೆ ಅದು ಅವನಿಗೆ ಆಸರೆ.

ಇನ್ನೊಬ್ಬ ಸದಸ್ಯರು:
ಸರ್, ನಮ್ಮ ಅಡುಗೆಯವರ ಮಗನಿಗೆ ಲೈಸೆನ್ಸೇ ಇಲ್ಲ. ಕಾಲೋನಿಯೊಳಗೆ ಕಾರು ತೆಗೆದು ನಿಲ್ಲಿಸುತ್ತಾನೆ ಅಷ್ಟೇ. ಪರವಾಗಿಲ್ಲವೇ?

ಉತ್ತರ:
ಕೀ ಕೊಡಲೇಬೇಡಿ. ಕಾಲೋನಿ ರಸ್ತೆಯೂ ರಸ್ತೆಯೇ. ಲೈಸೆನ್ಸ್ ಇಲ್ಲದವರ ಕೈಗೆ ಕಾರು ಕೊಟ್ಟರೆ 180ನೇ ಕಲಮಿನಡಿ ಮಾಲೀಕರಿಗೇ ಐದು ಸಾವಿರ ದಂಡ ಅಥವಾ ಮೂರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಮಗುವಿಗೋ ಮುದುಕರಿಗೋ ತಗುಲಿದರೆ ವಿಮಾ ಕಂಪನಿ ಅವರಿಗೆ ಕೊಟ್ಟ ಹಣವನ್ನು ನಿಮ್ಮಿಂದ ವಸೂಲಿ ಮಾಡುತ್ತದೆ. ಅಂಥ ಆದೇಶಗಳನ್ನು ನಾವು ಪದೇ ಪದೇ ನೋಡುತ್ತೇವೆ. ನಿಮ್ಮ ಕಾರಿನ ರಿಪೇರಿಗಂತೂ ಏನೂ ಸಿಗದು.

ಮೊದಲ ಪ್ರಶ್ನೆ ಕೇಳಿದವರು:
ಸರ್, ಠಾಣೆಗೆ ಹೋಗಿ ಬಂದೆವು, ಎಫ್‌ಐಆರ್ ಆಯಿತು. ಸಂಬಳ ಹಿಡಿಯಲ್ಲ ಅಂತ ಯಜಮಾನರು ಹುಡುಗನಿಗೆ ಹೇಳಿದ್ದಾರೆ. ಕ್ಲೇಮ್ ಫಾರಂಗೆ ಮಾವನವರು ಸಹಿ ಹಾಕುವ ಸ್ಥಿತಿಯಲ್ಲಿಲ್ಲ. ಯಜಮಾನರು ಹಾಕಬಹುದೇ?

ಉತ್ತರ:
ಮಾವನವರ ಹೆಸರಿನಲ್ಲಿ ಅವರು ಹಾಕಬಾರದು. ಮಾವನವರ ಎಡಗೈ ಹೆಬ್ಬೆಟ್ಟು ಒತ್ತಿಸಿ, ಪಕ್ಕದಲ್ಲಿ ಇಬ್ಬರು ಸಾಕ್ಷಿಗಳ ಸಹಿ, ವಿಳಾಸ ಹಾಕಿಸಿ. ಪಾರ್ಶ್ವವಾಯುವಿನ ವೈದ್ಯರ ಚೀಟಿಯ ನಕಲು ಲಗತ್ತಿಸಿ. ಕ್ಲೇಮ್ ವ್ಯವಹಾರ ಮಗ ನೋಡಿಕೊಳ್ಳಲಿ ಎಂಬ ಅಧಿಕಾರ ಪತ್ರಕ್ಕೂ ಅದೇ ರೀತಿ ಹೆಬ್ಬೆಟ್ಟು ಇರಲಿ. ಸರ್ವೇಯರ್ ಬಂದಾಗ ಕೀ ಕೊಟ್ಟದ್ದು ತಾವೇ ಎಂದು ಮಾವನವರೇ ಬಾಯಿಬಿಟ್ಟು ಹೇಳಲಿ, ಅದನ್ನು ಬರೆದುಕೊಳ್ಳಲು ಸರ್ವೇಯರಿಗೆ ಕೇಳಿ.