ಪದಚರ್ಚೆ: ‘ಸೆಲ್ಫ್ ತೆಗೆದುಕೊಳ್ಳುತ್ತಿಲ್ಲ’ ಎಂದರೆ ತಿರುಗದಿರುವುದು ಯಾವುದು?

ಗೆಳೆಯರೇ,

ಇಂಜಿನ್ ಬಿಚ್ಚಿ ಕೆಲಸ ಮಾಡಿದ ಕಾರು. ಕೀ ತಿರುಗಿಸಿದರೆ ಇಂಜಿನ್ ಚೆನ್ನಾಗಿಯೇ ಸುತ್ತುತ್ತದೆ, ಸ್ಟಾರ್ಟ್ ಮಾತ್ರ ಆಗುವುದಿಲ್ಲ. ಈ ಸ್ಥಿತಿಗೆ ನಿಮ್ಮ ಊರಿನ ಚಾಲಕರು, ಮೆಕ್ಯಾನಿಕ್‌ಗಳು ಏನೆನ್ನುತ್ತಾರೆ?

ಹಾಸನದಲ್ಲಿ ವಾಹನ ದುರಸ್ತಿ ಕಲಿಯುತ್ತಿರುವ ಹುಡುಗರಿಗಾಗಿ ಕನ್ನಡದಲ್ಲಿ ಟಿಪ್ಪಣಿಗಳನ್ನು ಬರೆಯುತ್ತಿದ್ದೇನೆ. ಬ್ರೇಕು, ಕ್ಲಚ್ಚು, ಗೇರ್‌ಪೆಟ್ಟಿಗೆಗಳ ಭಾಗ ಸರಾಗವಾಗಿ ಸಾಗಿತು. ಈ ಭಾಗದಲ್ಲಿ ಮೊದಲ ವಾಕ್ಯವೇ ಮುಂದೆ ಹೋಗುತ್ತಿಲ್ಲ. ದೋಷವನ್ನು ಹುಡುಕುವ ದಾರಿ ಪೂರ್ತಿ ಆ ವಾಕ್ಯದ ಮೇಲೆ ನಿಂತಿರುವುದರಿಂದ ಅದನ್ನು ಹೇಗೋ ಬರೆದು ಮುಗಿಸಲು ಮನಸ್ಸು ಒಪ್ಪುತ್ತಿಲ್ಲ.

ನಮ್ಮ ಕಡೆ ಎಲ್ಲರ ಬಾಯಲ್ಲಿರುವ ಮಾತು ‘ಸೆಲ್ಫ್ ತೆಗೆದುಕೊಳ್ಳುತ್ತಿಲ್ಲ’. ಹಾಸನದ ಬಿ.ಎಂ. ರಸ್ತೆಯ ಗ್ಯಾರೇಜುಗಳಲ್ಲಿ ನಿಂತು ಕೇಳಿದರೆ ಈ ಒಂದೇ ಮಾತು ಬೇರೆ ಬೇರೆ ಕಾಯಿಲೆಗಳಿಗೆ ಬಳಕೆಯಾಗುವುದು ತಿಳಿಯುತ್ತದೆ. ಕೀ ತಿರುಗಿಸಿದಾಗ ಏನೂ ಆಗದೆ ಬರೀ ‘ಟಕ್’ ಎಂದರೂ ಸೆಲ್ಫ್ ತೆಗೆದುಕೊಳ್ಳುತ್ತಿಲ್ಲ. ಸ್ಟಾರ್ಟರ್ ಮೋಟಾರು ತಾನೊಬ್ಬನೇ ಗಿರ್ರನೆ ತಿರುಗಿ, ಅದರ ಹಲ್ಲು ಇಂಜಿನ್ನಿನ ಹಲ್ಲುಚಕ್ರವಾದ ಫ್ಲೈವೀಲಿಗೆ ಕಚ್ಚದೆ ಹೋದರೂ ಸೆಲ್ಫ್ ತೆಗೆದುಕೊಳ್ಳುತ್ತಿಲ್ಲ. ಮೋಟಾರು ತನ್ನ ಕೆಲಸ ಮಾಡಿ, ಇಂಜಿನ್ನನ್ನೂ ಸುತ್ತಿಸಿ, ಒಳಗೆ ದಹನ ಶುರುವಾಗದಿದ್ದರೂ ಅದೇ ಮಾತು. ಮೊದಲನೆಯದರಲ್ಲಿ ನೋಡಬೇಕಾದದ್ದು ಬ್ಯಾಟರಿ, ಟರ್ಮಿನಲ್, ಮೋಟಾರಿಗೆ ವಿದ್ಯುತ್ ಹಾಯಿಸುವ ಸ್ವಿಚ್ಚಾದ ಸೊಲೆನಾಯ್ಡ್. ಎರಡನೆಯದರಲ್ಲಿ ಸ್ಟಾರ್ಟರನ್ನೇ ಬಿಚ್ಚಬೇಕು. ಮೂರನೆಯದರಲ್ಲಿ ಸ್ಟಾರ್ಟರಿಗೆ ಕೈ ಹಾಕುವ ಅಗತ್ಯವೇ ಇಲ್ಲ. ಕಿಡಿ, ಇಂಧನ, ಕಂಪ್ರೆಷನ್ (ಸಿಲಿಂಡರಿನೊಳಗೆ ಗಾಳಿಯನ್ನು ಅದುಮುವುದು), ಟೈಮಿಂಗ್ (ವಾಲ್ವು, ಪಿಸ್ಟನ್ನುಗಳ ಚಲನೆಯ ಹೊಂದಾಣಿಕೆ) ಈ ನಾಲ್ಕರಲ್ಲಿ ಯಾವುದು ತಪ್ಪಿದೆ ಎಂದು ಹುಡುಕಬೇಕು. ಇಷ್ಟು ದೂರದ ಸಂಗತಿಗಳಿಗೆ ಒಂದೇ ಹೆಸರಿದ್ದರೆ ಕಲಿಯುವ ಹುಡುಗ ಎಲ್ಲಿಂದ ಶುರುಮಾಡಬೇಕು?

ಈ ‘ಸೆಲ್ಫ್’ ಬಂದದ್ದು ಸೆಲ್ಫ್ ಸ್ಟಾರ್ಟರ್ ಎಂಬ ಜೋಡುಪದದಿಂದ. ಅಮೆರಿಕದ ಚಾರ್ಲ್ಸ್ ಕೆಟರಿಂಗ್ 1911ರಲ್ಲಿ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಮಾದರಿಯ ಕ್ಯಾಡಿಲ್ಯಾಕ್ ಕಾರಿನಲ್ಲಿ ಬಂದಿತು. ಅದಕ್ಕೂ ಹಿಂದೆ ಮುಂಭಾಗದಿಂದ ಹ್ಯಾಂಡಲ್ ಹಾಕಿ ಕೈಯಿಂದ ಸುತ್ತಿಸಬೇಕಿತ್ತು. ಹಳೆಯ ಜೀಪು, ಅಂಬಾಸಡರ್ ಕಂಡವರಿಗೆ ‘ಹ್ಯಾಂಡಲ್ ಹೊಡೆಯುವುದು’ ಗೊತ್ತಿರುತ್ತದೆ. ‘ಸೆಲ್ಫ್ ಹೊಡೆಯುವುದು’ ಅದೇ ಅಚ್ಚಿನಲ್ಲಿ ಮೂಡಿದ ಪ್ರಯೋಗವೆಂದು ನನ್ನ ಊಹೆ. ಜೋಡುಪದದ ಎರಡನೆಯ ಭಾಗ ಉದುರಿ ಮೊದಲ ಭಾಗ ಮೋಟಾರಿನ ಹೆಸರಾಯಿತು, ಕ್ರಿಯೆಯ ಹೆಸರೂ ಆಯಿತು. ಗೊಂದಲ ಹುಟ್ಟುವುದು ಅಲ್ಲಿಯೇ. ‘ಸೆಲ್ಫ್ ಹೊಡೆದೆ’ ಎಂದರೆ ಚಾಲಕ ಮಾಡಿದ ಕೆಲಸ, ಅದು ಸ್ಪಷ್ಟ. ‘ತೆಗೆದುಕೊಳ್ಳುವುದು’ ಮಾತ್ರ ಯಾರ ಕೆಲಸ? ಮೋಟಾರಿನದೋ, ಇಂಜಿನ್ನಿನದೋ? ಕರ್ತೃವನ್ನು ಬಿಟ್ಟು ಮಾತನಾಡಲು ಕನ್ನಡದಲ್ಲಿ ಧಾರಾಳವಾದ ಅವಕಾಶವಿದೆ. ಇಲ್ಲಿ ಆ ಅವಕಾಶವೇ ತೊಡಕಾಗಿದೆ.

ತೊಡಕು ಎಷ್ಟು ದುಬಾರಿ ಎಂಬುದಕ್ಕೆ ಒಂದು ಉದಾಹರಣೆ. ಸಕಲೇಶಪುರದ ಕಡೆ ಕಾಫಿ ತೋಟವಿರುವ ನನ್ನ ಭಾವನವರ ಪೆಟ್ರೋಲ್ ಕಾರಿಗೆ ಹಾಸನದ ಒಂದು ಗ್ಯಾರೇಜಿನಲ್ಲಿ ಇಂಜಿನ್ನಿನ ಮೇಲ್ಭಾಗವಾದ ಹೆಡ್ ಬಿಚ್ಚಿ ಗ್ಯಾಸ್ಕೆಟ್, ವಾಲ್ವುಗಳನ್ನು ಇಂಜಿನ್ನಿನ ಸುತ್ತಿಗೆ ಹೊಂದಿಸುವ ಟೈಮಿಂಗ್ ಬೆಲ್ಟ್ ಬದಲಿಸಿದ್ದರು. ಕಾರು ಊರು ಸೇರಿತು. ಮಾರನೆಯ ಬೆಳಿಗ್ಗೆ ಸ್ಟಾರ್ಟ್ ಆಗಲಿಲ್ಲ. ಭಾವ ಫೋನಿನಲ್ಲಿ ಹೇಳಿದ್ದು “ಗಾಡಿ ಸೆಲ್ಫ್ ತೆಗೆದುಕೊಳ್ಳುತ್ತಿಲ್ಲ, ಯಾರನ್ನಾದರೂ ಕಳಿಸಿ” ಎಂದು. ಗ್ಯಾರೇಜಿನವರು ಕೇಳಿದ ಮಾತಿಗೆ ತಕ್ಕ ಹಾಗೆ ಹುಡುಗನ ಕೈಯಲ್ಲಿ ಒಂದು ಬ್ಯಾಟರಿ, ಒಂದು ಸ್ಟಾರ್ಟರ್ ಕೊಟ್ಟು ಸುಮಾರು 40 ಕಿಲೋಮೀಟರ್ ದೂರ ಕಳಿಸಿದರು. ಹೊಸ ಬ್ಯಾಟರಿ ಹಾಕಿದ ಮೇಲೆ ಇಂಜಿನ್ ಇನ್ನಷ್ಟು ಚುರುಕಾಗಿ ಸುತ್ತಿತು, ಅಷ್ಟೇ. ನಾನೂ ಅಲ್ಲಿದ್ದೆ. ಕೀ ಆನ್ ಮಾಡಿದಾಗ ಹಿಂದಿನ ಸೀಟಿನ ಕೆಳಗೆ ಪೆಟ್ರೋಲ್ ಪಂಪು ಗುಂಯ್ ಎಂದು ಕ್ಷಣಕಾಲ ಓಡಿ ನಿಲ್ಲುತ್ತಿತ್ತು. ಇಂಜಿನ್ ಸುತ್ತುವಾಗ ಆರ್‌ಪಿಎಂ ಮುಳ್ಳು ಮಾತ್ರ ಕದಲುತ್ತಿರಲಿಲ್ಲ. ಹುಡುಗ ಕಿಡಿ ಹಾರಿಸುವ ಪ್ಲಗ್ ಬಿಚ್ಚಿ ನೋಡಿದ. ತುದಿ ಒಣಗಿತ್ತು, ಟೆಸ್ಟರಿನಲ್ಲಿ ಕಿಡಿಯೂ ಇಲ್ಲ.

ಕಿಡಿಯೂ ಇಲ್ಲ, ಇಂಜೆಕ್ಟರಿನಿಂದ ಪೆಟ್ರೋಲೂ ಇಲ್ಲ ಎಂದಾದರೆ ಎರಡಕ್ಕೂ ಅಪ್ಪಣೆ ಕೊಡುವ ಕಂಪ್ಯೂಟರಿಗೆ ಇಂಜಿನ್ ಸುತ್ತುತ್ತಿರುವ ಸುದ್ದಿಯೇ ತಲುಪುತ್ತಿಲ್ಲ ಎಂಬ ಅನುಮಾನ ಬರಬೇಕು. ಆ ಸುದ್ದಿ ಕೊಡುವುದು ಇಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕ್ ಶಾಫ್ಟು ತಿರುಗುವುದನ್ನು ಗಮನಿಸುವ ಕ್ರ್ಯಾಂಕ್ ಸೆನ್ಸರ್. ಈ ಕಾರಿನಲ್ಲಿ ಅದು ಕೆಳಗಿನ ಪುಲ್ಲಿಯ ಪಕ್ಕದಲ್ಲಿದೆ. ಬೆಲ್ಟ್ ಬದಲಿಸುವಾಗ ಅದರ ಕಪ್ಲರ್, ಅಂದರೆ ತಂತಿಯ ಜೋಡಣೆ, ಬಿಚ್ಚಲೇಬೇಕು. ಹುಡುಗ ಮಲಗಿಕೊಂಡು ಕೈ ತೂರಿಸಿ ನೋಡಿದಾಗ ಕಪ್ಲರ್ ಸಾಕೆಟ್ಟಿನೊಳಗೆ ಅರ್ಧ ಇತ್ತು, ಅರ್ಧ ಹೊರಗಿತ್ತು. ಲಾಕ್ ಬೀಳುವ ತನಕ ಒತ್ತಿರಲಿಲ್ಲ, ತೋಟದ ರಸ್ತೆಯ ಕುಲುಕಾಟಕ್ಕೆ ಜಾರಿತ್ತು. ಹೆಬ್ಬೆರಳಿನಿಂದ ಒತ್ತಿದ, ‘ಕಟ್’ ಎಂದು ಕೂತಿತು. ಒಂದೇ ಸೆಲ್ಫಿಗೆ ಇಂಜಿನ್ ಸ್ಟಾರ್ಟ್ ಆಯಿತು. ಫೋನಿನಲ್ಲಿ “ಇಂಜಿನ್ ಸುತ್ತುತ್ತಿದೆ” ಎಂಬ ಎರಡು ಪದ ಬಂದಿದ್ದರೆ ಬ್ಯಾಟರಿಯೂ ಸ್ಟಾರ್ಟರೂ ಹಾಸನದಲ್ಲೇ ಉಳಿಯುತ್ತಿದ್ದವು.

ಹಾಗಾದರೆ ಟಿಪ್ಪಣಿಯಲ್ಲಿ ಏನು ಬರೆಯಬೇಕು? ಇಂಜಿನ್ ಸುತ್ತುವುದಕ್ಕೆ ಇಂಗ್ಲಿಷಿನಂತೆ ‘ಕ್ರ್ಯಾಂಕ್ ಆಗುತ್ತದೆ’ ಎಂದು ಬರೆಯಬಹುದಿತ್ತು. ಆದರೆ ಗ್ಯಾರೇಜಿನಲ್ಲಿ ಕ್ರ್ಯಾಂಕ್ ಎಂದರೆ ಕ್ರ್ಯಾಂಕ್ ಶಾಫ್ಟು, ವಸ್ತುವಿನ ಹೆಸರು. ‘ಕ್ರ್ಯಾಂಕ್ ಹೋಗಿದೆ’ ಎಂದರೆ ಮಾಲೀಕನ ಎದೆ ಧಸಕ್ಕೆನ್ನುವಂಥ ಖರ್ಚು. ಅದನ್ನೇ ಕ್ರಿಯೆಗೂ ಬಳಸಿದರೆ ಹುಡುಗರು ತಬ್ಬಿಬ್ಬಾಗುತ್ತಾರೆ.

ಸ್ಟಾರ್ಟ್ ಆಗುವುದಕ್ಕೆ ಕನ್ನಡದ ಕ್ರಿಯಾಪದ ಹುಡುಕಿದಾಗ ಮೊದಲು ಹೊಳೆದದ್ದು ‘ಹಿಡಿ’. ಸೌದೆ ಒಲೆ ಹಿಡಿಯಿತು ಎನ್ನುತ್ತೇವಲ್ಲ, ದಹನಕ್ಕೆ ಅದಕ್ಕಿಂತ ಹತ್ತಿರದ ಪದ ಇನ್ನಾವುದು? ದುರದೃಷ್ಟಕ್ಕೆ ‘ಇಂಜಿನ್ ಹಿಡಿದುಕೊಂಡಿದೆ’ ಎಂದರೆ ಎಣ್ಣೆ ಬತ್ತಿ ಪಿಸ್ಟನ್ನು ಸಿಲಿಂಡರಿನ ಬೋರಿಗೆ ಕಚ್ಚಿ ಅಲುಗಾಡದಂತೆ ನಿಂತಿದೆ ಎಂದರ್ಥ. ಬದುಕುವುದಕ್ಕೂ ಸಾಯುವುದಕ್ಕೂ ಒಂದೇ ಧಾತು. ‘ಹೊತ್ತಿಕೊಳ್ಳು’ ಇನ್ನೂ ಅಪಾಯ. ‘ಕಾರು ಹೊತ್ತಿಕೊಂಡಿತು’ ಎಂದರೆ ಅಗ್ನಿಶಾಮಕ ದಳವನ್ನು ಕರೆಯಬೇಕಾಗುತ್ತದೆ. ‘ಚಾಲನೆಗೊಳ್ಳು’ ಸಮಾರಂಭದ ವರದಿಗೆ ಸರಿ, ಎಣ್ಣೆ ಕೈಯ ಹುಡುಗನ ಬಾಯಲ್ಲಿ ನಿಲ್ಲುವುದಿಲ್ಲ. ಆದ್ದರಿಂದ ‘ಸ್ಟಾರ್ಟ್ ಆಗು’ ಎಂಬುದನ್ನೇ ಉಳಿಸಿಕೊಂಡಿದ್ದೇನೆ. ಅದು ನಮ್ಮ ಮಾತಿನಲ್ಲಿ ಬೇರು ಬಿಟ್ಟಾಗಿದೆ, ಅದರ ಅರ್ಥದಲ್ಲಿ ಎರಡು ಮಾತಿಲ್ಲ.

ನನ್ನ ಸದ್ಯದ ತೀರ್ಮಾನ ಇಷ್ಟು: ಯಾವುದು ತಿರುಗುತ್ತಿದೆ ಎಂದು ಹೆಸರಿಟ್ಟು ಬರೆಯುವುದು. ‘ಸೆಲ್ಫ್ ಮೋಟಾರ್ ತಿರುಗುತ್ತಿಲ್ಲ’, ‘ಮೋಟಾರ್ ತಿರುಗುತ್ತದೆ, ಇಂಜಿನ್ ಸುತ್ತುತ್ತಿಲ್ಲ’, ‘ಇಂಜಿನ್ ಸುತ್ತುತ್ತದೆ, ಸ್ಟಾರ್ಟ್ ಆಗುತ್ತಿಲ್ಲ’. ಮೋಟಾರಿಗೆ ‘ತಿರುಗು’, ಇಂಜಿನ್ನಿಗೆ ‘ಸುತ್ತು’ ಎಂದು ಬೇಕೆಂದೇ ಬೇರ್ಪಡಿಸಿದ್ದೇನೆ. ಆಡುಮಾತಿನಲ್ಲಿ ಈ ಭೇದವಿಲ್ಲ ಎಂಬುದು ಗೊತ್ತು. ಪಾಠದಲ್ಲಿ ಇಂಥ ಕೃತಕ ಭೇದ ನಿಲ್ಲುತ್ತದೆಯೇ ಎಂದು ಕಲಿಸಿದ ಅನುಭವವಿರುವವರು ಹೇಳಬೇಕು.

ನಾಲ್ಕನೆಯ ಸ್ಥಿತಿಯೊಂದಿದೆ, ಸ್ಟಾರ್ಟ್ ಆಗಿ ಕೂಡಲೇ ಆರಿಹೋಗುವುದು. ಇದಕ್ಕೆ ನಮ್ಮಲ್ಲಿ ‘ಸ್ಟಾರ್ಟಿಂಗ್ ನಿಲ್ಲುತ್ತಿಲ್ಲ’ ಎನ್ನುತ್ತಾರೆ, ನೆಲೆ ನಿಲ್ಲುತ್ತಿಲ್ಲ ಎಂಬ ಅರ್ಥದಲ್ಲಿ. ಹೊಸಬನಿಗೆ ಇದು ಆಫ್ ಮಾಡಿದರೂ ಇಂಜಿನ್ ನಿಲ್ಲುತ್ತಿಲ್ಲ ಎಂಬಂತೆ ಕೇಳಿಸುತ್ತದೆ. ಇಲ್ಲಿ ‘ಆರಿಹೋಗುತ್ತದೆ’ ಒಳ್ಳೆಯ ಪದವೆಂದು ನನಗನಿಸುತ್ತದೆ.

ನನಗೆ ಬಹಳ ಇಷ್ಟವಾದದ್ದು ಸದ್ದಿನ ಪದಗಳು. ಅನುಭವಿ ಮೆಕ್ಯಾನಿಕ್ ಫೋನಿನಲ್ಲಿ “ಸೆಲ್ಫ್ ಹೊಡೆದು ಕೇಳಿಸಿ” ಎನ್ನುತ್ತಾನೆ, ಸದ್ದಿನಲ್ಲೇ ಅರ್ಧ ಕಾಯಿಲೆ ಹಿಡಿಯುತ್ತಾನೆ. ಸೊಲೆನಾಯ್ಡ್ ಒಂದೇ ಸಲ ಬಡಿದರೆ ‘ಟಕ್’. ಬ್ಯಾಟರಿ ಇಳಿದು ಮೇಲಿಂದ ಮೇಲೆ ಬಡಿದುಕೊಂಡರೆ ‘ಕಟಕಟ’. ಆರೋಗ್ಯವಂತ ಇಂಜಿನ್ ಸುತ್ತುವಾಗ ಪ್ರತಿ ಸಿಲಿಂಡರಿನ ಕಂಪ್ರೆಷನ್ನಿಗೂ ಮೋಟಾರು ತುಸು ತಡೆದು ದಾಟುವುದರಿಂದ ‘ರ್ರುಂ-ರ್ರುಂ-ರ್ರುಂ’ ಎಂಬ ಏರಿಳಿತ ಇರುತ್ತದೆ. ಬೆಲ್ಟ್ ತುಂಡಾಗಿದ್ದರೆ ಅಥವಾ ವಾಲ್ವುಗಳು ಮುಚ್ಚದೆ ಕಂಪ್ರೆಷನ್ ಸೋರಿಹೋಗುತ್ತಿದ್ದರೆ ಆ ಏರಿಳಿತ ಮಾಯವಾಗಿ ಒಂದೇ ಸಮನೆ ‘ವಿರ್ರ್’ ಎಂದು ಹಗುರವಾಗಿ ಸುತ್ತುತ್ತದೆ. ಒಂದು ಸಿಲಿಂಡರ್ ಮಾತ್ರ ಸೋರಿದರೆ ಲಯದಲ್ಲಿ ಒಂದು ಪೆಟ್ಟು ತಪ್ಪುತ್ತದೆ. ತಾಳ ಬಲ್ಲವನ ಕಿವಿಗೆ ಅದು ತಕ್ಷಣ ಸಿಗುತ್ತದೆ. ವ್ಯಾಕರಣದಲ್ಲಿ ಅನುಕರಣಾವ್ಯಯಕ್ಕೆ ಕೊಡುವ ಜಾಗ ಚಿಕ್ಕದು. ಈ ಕಸುಬಿನಲ್ಲಿ ಅವು ಪಾರಿಭಾಷಿಕ ಪದಗಳೇ. ಟಿಪ್ಪಣಿಯಲ್ಲಿ ಇವಕ್ಕೆ ಒಂದು ಪುಟವನ್ನೇ ಕೊಡುತ್ತಿದ್ದೇನೆ.

ಉಳಿದ ಪದಗಳ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಪ್ಲಗ್ಗಿನ ಕಿಡಿಗೂ ‘ಕರೆಂಟ್’, ತಂತಿಯಲ್ಲಿ ಬರುವ 12 ವೋಲ್ಟಿಗೂ ‘ಕರೆಂಟ್’ ಎನ್ನುತ್ತಾರೆ. ಪಾಠದಲ್ಲಿ ಮೊದಲನೆಯದನ್ನು ‘ಕಿಡಿ’ ಎಂದೇ ಬರೆಯುತ್ತಿದ್ದೇನೆ. ಪ್ಲಗ್ ‘ಒದ್ದೆ’ ಅಥವಾ ‘ಒಣ’ ಎಂಬ ಜೋಡಿಗೆ ಸಾಟಿಯಿಲ್ಲ: ಒದ್ದೆಯಾಗಿದ್ದರೆ ಪೆಟ್ರೋಲ್ ಬರುತ್ತಿದೆ, ಕಿಡಿಯ ಕಡೆ ನೋಡು, ಒಣಗಿದ್ದರೆ ಪಂಪು, ಇಂಜೆಕ್ಟರುಗಳ ಕಡೆ ನೋಡು, ಕಿಡಿಯೂ ಇಲ್ಲದಿದ್ದರೆ ಸೆನ್ಸರಿನ ಕಡೆ. ‘ಟೈಮಿಂಗ್’ ಪದವನ್ನು ಯಾರಾದರೂ ‘ಸಮಯ’ ಎಂದು ಅನುವಾದಿಸಿದರೆ ಕೆಟ್ಟಂತೆಯೇ. ಗ್ಯಾರೇಜಿನವರು ‘ಮಾರ್ಕ್ ಕೂರಿಸುವುದು’, ‘ಹಲ್ಲು ತಪ್ಪಿದೆ’ ಎನ್ನುತ್ತಾರೆ, ಅದು ಕಣ್ಣಿಗೆ ಕಟ್ಟುತ್ತದೆ. ಕ್ರ್ಯಾಂಕ್ ಎರಡು ಸುತ್ತು ಸುತ್ತಿದರೆ ವಾಲ್ವುಗಳನ್ನು ತೆರೆಯುವ ಕ್ಯಾಮ್ ಒಂದು ಸುತ್ತು. ಬೆಲ್ಟ್ ಹಾಕಿದ ಮೇಲೆ ಸೆಲ್ಫ್ ಹೊಡೆಯುವ ಮುಂಚೆ ಪಾನಾ ಹಾಕಿ ಕೈಯಿಂದ ಕ್ರ್ಯಾಂಕನ್ನು ಎರಡು ಪೂರ್ತಿ ಸುತ್ತು ಸುತ್ತಿಸಿ ಮಾರ್ಕುಗಳನ್ನು ಮತ್ತೆ ನೋಡಬೇಕು. ಹಲವು ಇಂಜಿನ್‌ಗಳಲ್ಲಿ ಹಲ್ಲು ತಪ್ಪಿದ್ದರೆ ವಾಲ್ವು ಪಿಸ್ಟನ್ನಿಗೆ ಬಡಿಯುತ್ತದೆ. ಕೈಯಲ್ಲಿ ಸುತ್ತಿಸುವಾಗ ತಡೆ ಸಿಕ್ಕರೆ ಅಲ್ಲಿಗೇ ನಿಲ್ಲಿಸಬಹುದು, ಸೆಲ್ಫ್ ಮೋಟಾರಿಗೆ ಆ ವಿವೇಕವಿಲ್ಲ. ಇನ್ನು ‘ಕೂರಿಸು’ ಎಂಬ ಕ್ರಿಯಾಪದ ಹೆಡ್ಡಿಗೂ, ಮಾರ್ಕಿಗೂ, ಕಪ್ಲರಿಗೂ ಒಂದೇ ಹಿತದಲ್ಲಿ ಒಗ್ಗುತ್ತದೆ.

ಡೀಸೆಲ್ ಗಾಡಿಗಳದ್ದು ಬೇರೆ ಕಥೆ. ಅಲ್ಲಿ ಕಿಡಿ ಇಲ್ಲ, ಕಂಪ್ರೆಷನ್ನಿನ ಬಿಸಿಗೇ ಡೀಸೆಲ್ ಉರಿಯುತ್ತದೆ. ಕೆಲಸವಾದ ಮೇಲೆ ಸ್ಟಾರ್ಟ್ ಆಗದಿದ್ದರೆ ಬಹಳ ಸಲ ಪೈಪಿನಲ್ಲಿ ಗಾಳಿ ಸೇರಿರುತ್ತದೆ. ‘ಏರ್ ಹಿಡಿದಿದೆ’, ‘ಏರ್ ತೆಗೆಯಬೇಕು’ ಎಂಬ ಮಾತು ಅರಸೀಕೆರೆಯ ತೆಂಗಿನ ತೋಟದ ಪಂಪ್‌ಸೆಟ್ಟಿಗೂ, ಚಿಕ್ಕಮಗಳೂರಿನ ಎಸ್ಟೇಟ್ ಜೀಪಿಗೂ ಒಂದೇ. ಹಳೆಯ ಮಾದರಿಯ ಡೀಸೆಲ್ ಪಂಪಿರುವ ಇಂಜಿನ್ನಿನಲ್ಲಿ ಕೈಪಂಪು ಹೊಡೆದು, ನಟ್ಟು ಸಡಿಲಿಸಿ ನೊರೆ ಹೋಗುವ ತನಕ ಡೀಸೆಲ್ ಬಿಡುತ್ತಾರೆ. ಎಲ್ಲ ಇಂಜೆಕ್ಟರುಗಳಿಗೂ ಒಂದೇ ಕೊಳವೆಯಿಂದ ಭಾರಿ ಒತ್ತಡದಲ್ಲಿ ಡೀಸೆಲ್ ಕೊಡುವ ಕಾಮನ್ ರೈಲ್ ಇಂಜಿನ್‌ಗಳಲ್ಲಿ ಒತ್ತಡ 1000 ಬಾರ್ ಮೀರಬಲ್ಲದಾದ್ದರಿಂದ ಸುತ್ತಿಸುತ್ತಾ ಆ ಪೈಪುಗಳನ್ನು ಸಡಿಲಿಸಲೇಬಾರದು. ಈ ಮಾತನ್ನು ದಪ್ಪ ಅಕ್ಷರದಲ್ಲಿ ಹಾಕಿಸುತ್ತಿದ್ದೇನೆ.

ಈಗ ನಿಮ್ಮಿಂದ ಬೇಕಾದದ್ದು. ‘ಸೆಲ್ಫ್ ತೆಗೆದುಕೊಳ್ಳುತ್ತಿಲ್ಲ’ ಎಂಬುದಕ್ಕೆ ನಿಮ್ಮಲ್ಲಿ ಒಂದೇ ಅರ್ಥವೇ, ನಮ್ಮಂತೆ ಹಲವೇ? ಇಂಜಿನ್ ಸುತ್ತಿಯೂ ಸ್ಟಾರ್ಟ್ ಆಗದಿರುವುದಕ್ಕೆ ಪ್ರತ್ಯೇಕ ಪದ ಎಲ್ಲಾದರೂ ಇದೆಯೇ? ಉತ್ತರ ಕರ್ನಾಟಕದ ಗೆಳೆಯರು, ಕರಾವಳಿಯ ಬಸ್ ಮೆಕ್ಯಾನಿಕ್‌ಗಳ ಒಡನಾಟವಿರುವವರು ಖಂಡಿತ ಬರೆಯಬೇಕು. ಮೂಡಿಗೆರೆ, ಕೊಪ್ಪದ ಕಡೆಯ ಹಳೆಯ ಜೀಪು ಚಾಲಕರು ಹ್ಯಾಂಡಲ್ ಕಾಲದಲ್ಲಿ ಬಳಸುತ್ತಿದ್ದ ಪದಗಳನ್ನು ಯಾರಾದರೂ ಕೇಳಿ ತಿಳಿಸಿದರೆ ಅವು ಯಾವ ಊರಿನವು ಎಂದು ನಮೂದಿಸಿಯೇ ಟಿಪ್ಪಣಿಗೆ ಸೇರಿಸುತ್ತೇನೆ. ಪದದ ಜೊತೆಗೆ ಅದನ್ನು ಬಳಸಿದ ಪೂರ್ತಿ ವಾಕ್ಯವನ್ನೂ ಬರೆಯಿರಿ, ಕರ್ತೃ ಯಾರೆಂಬುದು ವಾಕ್ಯದಲ್ಲಿ ಮಾತ್ರ ಗೊತ್ತಾಗುತ್ತದೆ.