ಪದಚರ್ಚೆ: ‘ಟರ್ಬೊ ಲ್ಯಾಗ್’ಗೆ ಒಂದೇ ಪದ ಸಾಕೇ?

ಗೆಳೆಯರೇ, ನಮಸ್ಕಾರ.

ಹೊಸದಾಗಿ ಕಾರು ಕಲಿತವರಿಗೆಂದು ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಕ್ಲಚ್ಚು, ಗೇರು, ಬ್ರೇಕಿನ ಪಾಠಗಳೆಲ್ಲ ಸಲೀಸಾಗಿ ಮುಗಿದವು. ‘ಮ್ಯಾನುವಲ್ ಗೇರಿನ ಟರ್ಬೊ ಕಾರಿನಲ್ಲಿ ಲ್ಯಾಗ್ ಕಡಿಮೆ ಮಾಡುವುದು ಹೇಗೆ’ ಎಂಬ ಪಾಠದಲ್ಲಿ ಸಿಕ್ಕಿಕೊಂಡಿದ್ದೇನೆ. ‘ಟರ್ಬೊ’ ಹಾಗೇ ಇರಲಿ, ಅದು ಈಗ ನಮ್ಮದೇ ಮಾತು. ‘ಲ್ಯಾಗ್’ಗೆ ಏನು ಬಳಸೋಣ?

‘ವಿಳಂಬ’ ಇದೆಯಲ್ಲ ಅನ್ನಬಹುದು. ಅದು ರೈಲಿಗೆ, ಕೋರ್ಟು ಕೇಸಿಗೆ, ಸಂಬಳಕ್ಕೆ ಸರಿ. ಪೆಡಲ್ ಒತ್ತಿದ ಮೇಲೆ ಒಂದು ಕ್ಷಣ ಗಾಡಿ ಸುಮ್ನಿರುತ್ತದಲ್ಲ, ಅದಕ್ಕೆ ಜಾಸ್ತಿ ಭಾರವಾಯಿತು. ಆದರೆ ನನ್ನ ತೊಡಕು ಅದಕ್ಕಿಂತ ದೊಡ್ಡದು. ನಾವು ‘ಲ್ಯಾಗ್’ ಅನ್ನುವುದು ಒಂದನ್ನಲ್ಲ, ಎರಡನ್ನು. ಎರಡಕ್ಕೂ ಡ್ರೈವರ್ ಮಾಡಬೇಕಾದ ಕೆಲಸ ಬೇರೆ ಬೇರೆ. ಹಾಗಾಗಿ ಎರಡು ಪದ ಬೇಕು ಅನ್ನುವುದು ನನ್ನ ವಾದ.

ಟರ್ಬೊ ಹೇಗೆ ಕೆಲಸ ಮಾಡುತ್ತದೆ ಎಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಎಂಜಿನ್ನಿನಿಂದ ಹೊರಗೆ ಹೋಗುವ ಹೊಗೆಗಾಳಿಯ ದಾರಿಯಲ್ಲಿ ಒಂದು ಚಕ್ರ ಇರುತ್ತದೆ. ಹೊಗೆ ಬಡಿದು ಅದು ತಿರುಗುತ್ತದೆ. ಅದು ಕೂತಿರುವ ಕಡ್ಡಿಯ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಎಳೆದು ಎಂಜಿನ್ನಿಗೆ ಒತ್ತಿ ತುಂಬುತ್ತದೆ. ಗಾಳಿ ಜಾಸ್ತಿ ಹೋದರೆ ಇಂಧನವೂ ಜಾಸ್ತಿ ಉರಿಸಬಹುದು, ಎಳೆತ ಹೆಚ್ಚುತ್ತದೆ. ಸ್ವಿಸ್ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿ 1905ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದರು. ಕಾರಿನ ಟರ್ಬೊ ಪೂರ್ತಿ ಕೆಲಸ ಮಾಡುವಾಗ ನಿಮಿಷಕ್ಕೆ ಒಂದು ಲಕ್ಷ ಸುತ್ತನ್ನೂ ದಾಟುತ್ತದೆ. ಅಷ್ಟು ವೇಗ ಸುಮ್ನೆ ಬರುವುದಿಲ್ಲ. ಹೊಗೆ ಬೇಕು. ಹೊಗೆ ಬರಲು ಗಾಳಿ ಬೇಕು. ಗಾಳಿ ಬರಲು ಚಕ್ರ ತಿರುಗಬೇಕು. ತೊಡಕು ಇರುವುದು ಇಲ್ಲೇ.

ಈಗ ಮೊದಲನೆಯದು. ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತುತ್ತಿದ್ದೀರಿ ಅನ್ನಿ. ಹೇರ್‌ಪಿನ್ ತಿರುವಿನಲ್ಲಿ ವೇಗ 15 ಕಿಲೋಮೀಟರಿಗೆ ಇಳಿದಿದೆ, ಗೇರು ಎರಡರಲ್ಲೇ ಇದೆ. ಸಣ್ಣ ಡೀಸೆಲ್ ಕಾರಾದರೆ ಎಂಜಿನ್ನಿನ ವೇಗ ತೋರಿಸುವ ಮುಳ್ಳು 1200 ಆರ್‌ಪಿಎಂ (ಅಂದರೆ ನಿಮಿಷಕ್ಕೆ ಅಷ್ಟು ಸುತ್ತು) ಆಸುಪಾಸಿನಲ್ಲಿರುತ್ತದೆ. ಎಕ್ಸಿಲರೇಟರ್ ಪೂರ್ತಿ ತುಳಿದರೂ ಗಾಡಿ ಎಳೆಯುವುದಿಲ್ಲ, ಅದುರುತ್ತದೆ, ನಾಕ್ ಆಗುತ್ತದೆ. ಟರ್ಬೊ ತಿರುಗಲು ಬೇಕಾದಷ್ಟು ಹೊಗೆಯೇ ಅಲ್ಲಿಲ್ಲ. ನಮ್ಮ ರಸ್ತೆಗಳಲ್ಲಿ ತುಂಬ ಓಡಾಡಿದ 1.3 ಲೀಟರ್ ಫಿಯಟ್ ಡೀಸೆಲ್ ಎಂಜಿನ್ ನೆನಪಿದೆ ಅಲ್ವಾ? ಸ್ವಿಫ್ಟ್‌ನಲ್ಲಿ ಅದರ ಪೂರ್ತಿ ಎಳೆತ, ಅಂದರೆ 190 ನ್ಯೂಟನ್ ಮೀಟರ್, ಸಿಗುತ್ತಿದ್ದದ್ದು 2000 ಆರ್‌ಪಿಎಂಗೆ. ಅದಕ್ಕಿಂತ ತುಂಬ ಕೆಳಗೆ ಬಿದ್ದರೆ ಎಷ್ಟು ಕಾದರೂ ಆ ಎಳೆತ ಬರುವುದಿಲ್ಲ. ಇಲ್ಲಿ ಪೆಡಲ್ ತುಳಿಯುವುದು ಉಪಾಯವಲ್ಲ. ತಿರುವಿಗೆ ಮುಂಚೆಯೇ ವೇಗ ಇಳಿಸಿ, ಕ್ಲಚ್ ಪೂರ್ತಿ ಒತ್ತಿ, ಒಂದು ಚೂರು ರೇಸ್ ಕೊಟ್ಟು ಒಂದನೇ ಗೇರಿಗೆ ಹಾಕಿಕೊಳ್ಳಬೇಕು. ಅದೇ 15ರ ವೇಗದಲ್ಲೇ ಮುಳ್ಳು 2000 ದಾಟುತ್ತದೆ, ಗಾಡಿ ಎದ್ದು ಹೋಗುತ್ತದೆ.

ಎರಡನೆಯದು ಹೀಗಲ್ಲ. ಹೆದ್ದಾರಿಯಲ್ಲಿ 80ರ ವೇಗ, ನಾಲ್ಕನೇ ಗೇರು, 2500 ಆರ್‌ಪಿಎಂ. ಮುಂದೆ ಲಾರಿ ಇದೆ ಅಂತ ಕಾಲು ಎತ್ತಿದ್ದೀರಿ. ಜಾಗ ಸಿಕ್ಕಿತು, ತುಳಿದಿರಿ. ಎಳೆತ ಬರುತ್ತದೆ, ಆದರೆ ಒಂದು ಕ್ಷಣ ಬಿಟ್ಟು ಬರುತ್ತದೆ. ಕಾಲು ಎತ್ತಿದಾಗ ಹೊಗೆ ಕಡಿಮೆಯಾಗಿ ಚಕ್ರ ನಿಧಾನವಾಗಿತ್ತು. ಈಗ ಮತ್ತೆ ವೇಗ ಕೂಡಿಸಿಕೊಳ್ಳಬೇಕು. ಡೀಸೆಲ್‌ನಲ್ಲಿ ಇನ್ನೂ ಒಂದು ಕಾರಣವಿದೆ. ಗಾಳಿ ಬರುವ ಮುಂಚೆಯೇ ಇಂಧನ ಸುರಿದರೆ ಕರಿಹೊಗೆ ಬರುತ್ತದೆ. ಅದಕ್ಕೇ ಗಾಳಿ ಬರುವ ತನಕ ಎಂಜಿನ್ನಿನ ಕಂಪ್ಯೂಟರೇ ಇಂಧನವನ್ನು ಹಿಡಿದಿಡುತ್ತದೆ. ಇಲ್ಲಿ ಗೇರು ಸರಿಯಾಗೇ ಇದೆ. ಮಾಡಬೇಕಾದದ್ದು ಇಷ್ಟೇ: ಲಾರಿಯಿಂದ ಸಾಕಷ್ಟು ಅಂತರ ಇಟ್ಟುಕೊಂಡು, ಎದುರಿನ ದಾರಿ ಖಾಲಿಯಾಗುವುದು ಕಂಡ ಕೂಡಲೇ, ಬಲಕ್ಕೆ ತೆಗೆಯುವ ಮುಂಚೆಯೇ ಪೆಡಲ್ಲನ್ನು ಮೆಲ್ಲಗೆ ಒತ್ತಲು ಶುರುಮಾಡಬೇಕು. ಹೊರಳುವ ಹೊತ್ತಿಗೆ ಎಳೆತ ಸಿದ್ಧವಾಗಿರುತ್ತದೆ.

ಈ ಎರಡಕ್ಕೂ ‘ಲ್ಯಾಗ್’ ಅಂದಾಗ ಕಲಿಯುವವರು ತಪ್ಪು ಮದ್ದು ಹಿಡಿಯುತ್ತಾರೆ. ಘಾಟಿಯಲ್ಲಿ ಗೇರು ಇಳಿಸದೆ ಪೆಡಲ್ ತುಳಿಯುತ್ತಾ ಕೂರುತ್ತಾರೆ. ಇಲ್ಲವೇ ಹಾಫ್ ಕ್ಲಚ್‌ನಲ್ಲಿ ರೇಸ್ ಕೊಟ್ಟು ಹತ್ತಿಸುತ್ತಾರೆ, ಕ್ಲಚ್ ಪ್ಲೇಟ್ ಸುಟ್ಟ ವಾಸನೆ ಬರುತ್ತದೆ. ಪದ ಸರಿಯಿದ್ದರೆ ಇದು ತಪ್ಪುತ್ತದೆ ಅನ್ನುವುದು ನನ್ನ ನಂಬಿಕೆ.

ಎರಡನೆಯದಕ್ಕೆ ನನಗೆ ‘ಟರ್ಬೊ ತಡ’ ಸಾಕು ಅನಿಸುತ್ತದೆ. ‘ಈ ಗಾಡಿಯಲ್ಲಿ ಟರ್ಬೊ ತಡ ಜಾಸ್ತಿ’ ಅಂದರೆ ಯಾರಿಗೂ ವಿವರಿಸಬೇಕಿಲ್ಲ. ‘ತಡವರಿಕೆ’ಯನ್ನೂ ಯೋಚಿಸಿದೆ, ಕಿವಿಗೆ ಚೆನ್ನಾಗಿದೆ. ಆದರೆ ಮಾತು ತಡವರಿಸುವುದು ಎಂದರೆ ಮುಗ್ಗರಿಸುತ್ತಾ ಬರುವುದು. ಇಲ್ಲಿ ಮುಗ್ಗರಿಕೆಯೇ ಇಲ್ಲ. ಎಳೆತ ನೀಟಾಗಿ ಬರುತ್ತದೆ, ತಡವಾಗಿ ಬರುತ್ತದೆ, ಅಷ್ಟೆ. ‘ತಡವರಿಕೆ’ ಹೊಂದುವುದು ಆ 1200ರ ಅದುರಾಟಕ್ಕೆ. ‘ಜಡತ್ವ’ ಬೇಡವೇ ಬೇಡ. ಚಕ್ರದ ಜಡತ್ವ ಈ ತಡಕ್ಕೆ ಒಂದು ಕಾರಣ ಹೌದು, ತಡ ಅಂದರೆ ಅದೇ ಅಲ್ಲ.

ಕಷ್ಟ ಇರುವುದು ಮೊದಲನೆಯದರಲ್ಲಿ. ಯಾವ ಆರ್‌ಪಿಎಂ ದಾಟಿದ ಮೇಲೆ ಟರ್ಬೊ ಕೆಲಸ ಶುರುಮಾಡುತ್ತದೋ ಆ ಗೆರೆಗೆ ಒಂದು ಹೆಸರು ಬೇಕು. ‘ಟರ್ಬೊ ಹಿಡಿಯುವ ಆರ್‌ಪಿಎಂ’ ಅನ್ನೋಣವೇ? ಮಳೆ ಹಿಡಿಯುತ್ತದೆ, ಗಿಡ ಬೇರು ಹಿಡಿಯುತ್ತದೆ, ಒಲೆಯಲ್ಲಿ ಬೆಂಕಿ ಹಿಡಿಯುತ್ತದೆ. ಶುರುವಾಗಿ ನೆಲೆಯಾಗುವುದನ್ನು ‘ಹಿಡಿ’ ಎಂಬ ಒಂದೇ ಮಾತು ಹೇಳುತ್ತದೆ. ಆದರೆ ಮೆಕ್ಯಾನಿಕ್ ಬಾಯಲ್ಲಿ ‘ಬೇರಿಂಗ್ ಹಿಡ್ಕೊಂಡಿದೆ’ ಅಂದರೆ ಅದು ಜಾಮ್ ಆಗಿದೆ ಅಂತ. ‘ಟರ್ಬೊ ಹಿಡೀತು’ ಅಂತ ಗ್ಯಾರೇಜಿನಲ್ಲಿ ಹೇಳಿದರೆ ಅವರು ಸ್ಪ್ಯಾನರ್ ತೆಗೆದುಕೊಳ್ಳುತ್ತಾರೆ. ‘ಹಿಡಿ’ಗೂ ‘ಹಿಡಿದುಕೊ’ಗೂ ನಡುವಿನ ಗೆರೆ ಓದುವವರಿಗೆ ತಟ್ಟನೆ ಗೊತ್ತಾಗುತ್ತದೆಯೇ?

ಇನ್ನೊಂದು ದಾರಿ ‘ಏಳು’. ‘ಎರಡು ಸಾವಿರದ ಮೇಲೆ ಗಾಡಿ ಏಳುತ್ತೆ’ ಎಂಬ ಮಾತು ಸಹಜವಾಗಿದೆ. ‘ಟರ್ಬೊ ಏಳುವ ಆರ್‌ಪಿಎಂ’ ಅಂದರೆ ಮಲಗಿದ್ದದ್ದು ಎದ್ದಿತು ಎಂಬ ಅರ್ಥವೂ ಬರುತ್ತದೆ. ಸದ್ಯ ನನ್ನ ಒಲವು ಇದರ ಕಡೆಗೇ.

ಕೊನೆಯದಾಗಿ ‘ಕಡಿಮೆ ಮಾಡು’ ಎಂಬ ಕ್ರಿಯಾಪದದ ಬಗ್ಗೆ. ಟರ್ಬೊ ತಡವನ್ನು ನಿಜಕ್ಕೂ ಕಡಿಮೆ ಮಾಡುವವರು ಎಂಜಿನ್ ಕಟ್ಟುವವರು. ಸಣ್ಣ ಹಗುರ ಚಕ್ರ ಹಾಕುತ್ತಾರೆ. ಹೊಗೆ ಬಡಿಯುವ ಕೋನವನ್ನೇ ಬದಲಿಸುವ ರೆಕ್ಕೆಗಳನ್ನು ಕೂರಿಸುತ್ತಾರೆ. ಅದೇ 1.3 ಲೀಟರ್ ಎಂಜಿನ್ನಿಗೆ ಅಂಥ ರೆಕ್ಕೆಯ ಟರ್ಬೊ ಹಾಕಿ ಎರ್ಟಿಗಾದಲ್ಲಿ ಕೊಟ್ಟಾಗ 200 ನ್ಯೂಟನ್ ಮೀಟರ್ ಎಳೆತ 1750 ಆರ್‌ಪಿಎಂಗೇ ಸಿಕ್ಕಿತು. ಗಾಡಿಯ ಮಾಲೀಕರ ಕೈಯಲ್ಲಿರುವುದು ಏರ್ ಫಿಲ್ಟರ್ ಕಟ್ಟದಂತೆ, ಟರ್ಬೊ ಒತ್ತಿದ ಗಾಳಿಯನ್ನು ತಂಪು ಮಾಡುವ ಇಂಟರ್‌ಕೂಲರಿನ ಪೈಪು ಸೋರದಂತೆ ನೋಡಿಕೊಳ್ಳುವುದು. ಅವು ಕೆಟ್ಟರೆ ತಡ ಹೆಚ್ಚುತ್ತದೆ. ಡ್ರೈವರ್ ಕಾಲಿನಿಂದ, ಗೇರಿನಿಂದ ಮಾಡುವುದು ತಡ ಕಡಿಮೆ ಮಾಡುವುದಲ್ಲ, ಅದಕ್ಕೆ ಸಿಗದಂತೆ ಓಡಿಸುವುದು. ಹಾಗಾಗಿ ಪಾಠದ ತಲೆಬರಹವನ್ನು ‘ಟರ್ಬೊ ತಡ ತಪ್ಪಿಸುವುದು ಹೇಗೆ’ ಅಂತ ಬದಲಿಸುವ ಯೋಚನೆಯಿದೆ.

ನಿಮ್ಮಲ್ಲಿ ಕೇಳಬೇಕಾದದ್ದು ಇದು. ‘ಟರ್ಬೊ ತಡ’ಕ್ಕೆ ವಿಭಕ್ತಿ ಹಚ್ಚಿದಾಗ, ಅಂದರೆ ‘ಟರ್ಬೊ ತಡದಿಂದ’, ‘ಟರ್ಬೊ ತಡಕ್ಕೆ’ ಅಂದಾಗ, ನಿಮ್ಮ ಕಿವಿಗೆ ಹೊಂದುತ್ತದೆಯೇ? ‘ಹಿಡಿಯುವ’, ‘ಏಳುವ’ ಇವೆರಡರಲ್ಲಿ ಯಾವುದು? ಧಾರವಾಡ, ಕಲಬುರಗಿ ಕಡೆಯ ಲಾರಿ ಡ್ರೈವರುಗಳು, ಕರಾವಳಿಯ ಬಸ್ಸಿನವರು ಇದಕ್ಕೆ ಏನನ್ನುತ್ತಾರೆ? ಕೇಳಿದ್ದರೆ ದಯವಿಟ್ಟು ಅವರ ಬಾಯಿಯ ಮಾತನ್ನು ತಿದ್ದದೆ, ಹಾಗೆ ಹಾಗೇ ಬರೆದು ಕಳಿಸಿ.