ಥೈರಾಯ್ಡ್ ಗೆಡ್ಡೆ ಆಪರೇಷನ್: ಯಾವ ಸರ್ಜನ್ ಹತ್ತಿರ ಹೋಗಬೇಕು?

ಮದ್ದೂರಿನ ಮಗಳು:
ಅಮ್ಮನ ಕತ್ತಿನಲ್ಲಿ ಥೈರಾಯ್ಡ್ ಗೆಡ್ಡೆ ಇದೆ. ಸೂಜಿ ಪರೀಕ್ಷೆ ಆಯ್ತು, ಆಪರೇಷನ್ ಬೇಕು ಅಂದಿದ್ದಾರೆ. ಮಂಡ್ಯದಲ್ಲಿ ಜನರಲ್ ಸರ್ಜನ್ ಮಾಡುತ್ತಾರಂತೆ, ಮೈಸೂರಿನಲ್ಲಿ ಇಎನ್‌ಟಿಯವರು. ಎಂಡೋಕ್ರೈನ್ ಸರ್ಜನ್ನೇ ಬೇಕು, ಬೆಂಗಳೂರಿಗೆ ಕರ್ಕೊಂಡು ಬಾ ಅಂತಾನೆ ಮಾವನ ಮಗ. ಶುಗರ್ ನೋಡುವ ಎಂಡೋಕ್ರೈನಾಲಜಿಸ್ಟೂ ಇವರೂ ಒಂದೇನಾ?

ನಿವೃತ್ತ ನರ್ಸ್, ಮೈಸೂರು:
ಬೇರೆ ಬೇರೆ ಕಣಮ್ಮ. ಎಂಡೋಕ್ರೈನಾಲಜಿಸ್ಟ್ ಔಷಧಿಯಲ್ಲಿ ನೋಡುವವರು, ಆಪರೇಷನ್ ಮಾಡುವುದಿಲ್ಲ. ಎಂಡೋಕ್ರೈನ್ ಸರ್ಜನ್ ಅಂದರೆ ಥೈರಾಯ್ಡ್‌ನಂಥ ಹಾರ್ಮೋನ್ ಗ್ರಂಥಿಗಳ ಆಪರೇಷನ್ ಮಾಡುವವರು; ಎಂಎಸ್ ಜನರಲ್ ಸರ್ಜರಿ ಮುಗಿಸಿ, ಮತ್ತೆ 3 ವರ್ಷ ಎಂಸಿಎಚ್ ಅನ್ನುವ ಮೇಲಿನ ಡಿಗ್ರಿ ಓದಿದವರು. ಲಖನೌದ ಎಸ್‌ಜಿಪಿಜಿಐ, ವೆಲ್ಲೂರಿನ ಸಿಎಂಸಿಯಂಥ ಕೆಲವೇ ದೊಡ್ಡ ಆಸ್ಪತ್ರೆಗಳಲ್ಲಿ ಆ ಕೋರ್ಸ್ ಇದೆ. ಅದಕ್ಕೇ ಅವರು ಹೆಚ್ಚಾಗಿ ದೊಡ್ಡ ಊರುಗಳಲ್ಲೇ ಸಿಗುವುದು. ನಮ್ಮ ಕಡೆ ಜನರಲ್ ಸರ್ಜನ್, ಇಎನ್‌ಟಿಯವರು ಮೊದಲಿನಿಂದಲೂ ಮಾಡುತ್ತಾ ಬಂದಿದ್ದಾರೆ. ಕ್ಯಾನ್ಸರ್ ಇದ್ದರೆ ಕ್ಯಾನ್ಸರ್ ಸರ್ಜನ್.

ಡಿಗ್ರಿ ನೋಡಿ, ಬೇಡ ಅನ್ನುವುದಿಲ್ಲ. ಆದರೆ ವರ್ಷಕ್ಕೆ ಎಷ್ಟು ಥೈರಾಯ್ಡ್ ಆಪರೇಷನ್ ಮಾಡುತ್ತೀರಿ ಅಂತ ಬಾಯಿಬಿಟ್ಟು ಕೇಳಿ. ಅಮೆರಿಕದಲ್ಲಿ 2017ರಲ್ಲಿ ಬಂದ ಅಧ್ಯಯನವೊಂದರಲ್ಲಿ ವರ್ಷಕ್ಕೆ 25ಕ್ಕಿಂತ ಜಾಸ್ತಿ ಮಾಡುವವರ ಕೈಯಲ್ಲಿ ತೊಂದರೆ ಕಡಿಮೆ ಅಂತ ಕಂಡುಬಂತು. ಥೈರಾಯ್ಡ್ ಹಿಂದೆಯೇ ಧ್ವನಿಯ ನರ ಹೋಗುತ್ತದೆ. ರಕ್ತದ ಕ್ಯಾಲ್ಸಿಯಂ ಹತೋಟಿಯಲ್ಲಿಡುವ, ಅಕ್ಕಿಕಾಳಿನಷ್ಟು ಪ್ಯಾರಾಥೈರಾಯ್ಡ್ ಗ್ರಂಥಿಗಳು, ಸಾಮಾನ್ಯವಾಗಿ ನಾಲ್ಕು, ಅಲ್ಲೇ ಅಂಟಿಕೊಂಡಿರುತ್ತವೆ. ಅವಕ್ಕೆ ಪೆಟ್ಟಾದರೆ ಕ್ಯಾಲ್ಸಿಯಂ ಇಳಿಯುತ್ತದೆ. ವಾರ್ಡಿನಲ್ಲಿ ಪೇಷೆಂಟ್ "ಸಿಸ್ಟರ್, ತುಟಿ ಸುತ್ತ ಜುಮ್ಮ ಅಂತಿದೆ" ಅಂದ ಕೂಡಲೇ ನಾವು ಡಾಕ್ಟರಿಗೆ ಫೋನ್ ಮಾಡುತ್ತಿದ್ದೆವು.

ಇನ್ನೊಂದು ಮುಖ್ಯ ವಿಷಯ. ಆಪರೇಷನ್ ಆದ ರಾತ್ರಿ ಒಳಗೆ ರಕ್ತ ಕಟ್ಟಿ ಕತ್ತು ಊದಿದರೆ ಉಸಿರಿಗೇ ತೊಂದರೆ. ಅಪರೂಪ, ಆದರೆ ಆದಾಗ ನಿಮಿಷಗಳ ಲೆಕ್ಕ. ಹೊಲಿಗೆ ಬಿಚ್ಚುವ ಸಾಮಾನು ಮಂಚದ ಪಕ್ಕದಲ್ಲೇ ಇರಬೇಕು. ರಾತ್ರಿ ಡ್ಯೂಟಿ ಡಾಕ್ಟರ್, ಅರಿವಳಿಕೆ ಡಾಕ್ಟರ್ ಇರುತ್ತಾರಾ ಕೇಳಿಕೊಳ್ಳಿ.

ಕುವೆಂಪುನಗರ:
ಸಿಸ್ಟರ್ ಹೇಳಿದ್ದು ಸರಿ. ನನ್ನ ಹೆಂಡತಿಗೆ ಕಿಡ್ನಿ ಕಲ್ಲು ಮತ್ತೆ ಮತ್ತೆ ಬರುತ್ತಿತ್ತು. ರಕ್ತದಲ್ಲಿ ಕ್ಯಾಲ್ಸಿಯಂ ಜಾಸ್ತಿ, ಪ್ಯಾರಾಥೈರಾಯ್ಡ್ ಗೆಡ್ಡೆ ಅಂತ ಆಮೇಲೆ ತಿಳಿಯಿತು. ಅದಕ್ಕೆ ಮಾತ್ರ ಎಂಡೋಕ್ರೈನ್ ಸರ್ಜನ್ ಹುಡುಕಿಕೊಂಡು ಬೆಂಗಳೂರಿಗೇ ಹೋದೆವು. ಸ್ಕ್ಯಾನಿನಲ್ಲಿ ಜಾಗ ಗುರುತಿಸಿ ಒಂದೇ ಗ್ರಂಥಿ ತೆಗೆದರು.

ಮದ್ದೂರಿನ ಮಗಳು:
ತುಂಬಾ ಥ್ಯಾಂಕ್ಸ್ ಸಿಸ್ಟರ್. ಅಮ್ಮ ಶಾಲೆಯಲ್ಲಿ ಪಾಠ ಮಾಡುವವರು, ಧ್ವನಿಯದ್ದೇ ಭಯ.

ನಿವೃತ್ತ ನರ್ಸ್, ಮೈಸೂರು:
ಹಾಗಾದರೆ ಆಪರೇಷನ್ನಿಗೆ ಮೊದಲೇ ಇಎನ್‌ಟಿಯವರ ಹತ್ತಿರ ಧ್ವನಿತಂತು ತೋರಿಸಿ, ರಿಪೋರ್ಟ್ ಇಟ್ಟುಕೊಳ್ಳಿ. ಪಾಠ ಮಾಡುವವರು ಅಂತ ಸರ್ಜನ್ನಿಗೂ ಮೊದಲೇ ಹೇಳಿ.